ಉತ್ತರನ ಮಾತು

ನಿರರ್ಗಳವಾಗಿ ಮಾತನಾಡಬಲ್ಲವರನ್ನು ನಮ್ಮ ಜನರು ಎಂದಿನಿಂದಲೂ ಗೌರವಿಸುತ್ತ ಬಂದಿರುವರು. ಕೈಯಲ್ಲಿ ಕಾಗದವಿಲ್ಲದೆ, ಎಲ್ಲಿಯೂ ತಡವರಿಸದೆ, ಒಂದು ಗಂಟೆಯ ಕಾಲ ಧಾರೆ ಕಡಿಯದಂತೆ ಸಭೆಯಲ್ಲಿ ನುಡಿದವನಿಗೆ ‘ವಾಗ್ಮಿ’ಯೆಂಬ ಹೆಸರು ಅನಾಯಾಸವಾಗಿ ದೊರೆಯುವುದು. ಇದರಲ್ಲಿ ತಪ್ಪೇನೂ ಇಲ್ಲ; ವಾಕ್ಶಕ್ತಿಯು ದೊಡ್ಡ ಶಕ್ತಿಯೇ ಸರಿ. ಆದರೆ ಅಂಥ ಭಾಷಣವನ್ನು ಕೇಳಿ ಹಿಂದಿರುಗಿದವನನ್ನು ಮನೆಯವರು ‘ಏನು ಹೇಳಿದರು?’ ಎಂದು ವಿಚಾರಿಸಿದರೆ, ‘ಬಹಳ ಚೆನ್ನಾಗಿ ಮಾತನಾಡಿದರು’ ಎಂಬುದಕ್ಕಿಂತ ಹೆಚ್ಚಿನ ಉತ್ತರವು ಹೊರಡದಿರುವುದೂ ಅಪರೂಪವಲ್ಲ. ಕಿವಿ ತುಂಬಿರುವುದು; ಮನಸ್ಸು ಬರಿದಾಗಿರುವುದು. ಇಂಥ ಮಾತನ್ನು ವಾಗಾಡಂಬರವೆಂದೂ ತುಟಿಯ ಮೇಲಣ ಮಾತೆಂದೂ ಕರೆಯುವೆವು. ಹೆಸರುಗಳಿದ್ದರೂ ಇದರ ಲಕ್ಷಣವನ್ನು ನಿರ್ಣಯಿಸುವುದು ತೋರುವಷ್ಟು ಸುಲಭವಲ್ಲ.

ಕೆಲವರು ದೋಷವನ್ನು ಅಲಂಕಾರದ ಮೇಲೆ ಹೊರಿಸುವರು. ಮಾತು ಸರಳವಾದರೆ ಸತ್ಯವಾಗುವುದೆಂದು ಅವರ ಎಣಿಕೆ. ಆದರೆ ಅತ್ಯಂತ ಸರಳವಾದ ವಾಕ್ಯದಲ್ಲಿ ಸುಳ್ಳನ್ನು ಹೇಳಬಹುದೆಂಬುದು ಎಳೆಯ ಮಕ್ಕಳಿಗೂ ತಿಳಿದ ವಿಷಯ. ಮತ್ತೆ ಕೆಲವರು ಸಂಸ್ಕೃತಪದಗಳನ್ನು ದೂರುವರು. ನಯಸೇನನು ೧೧೧೨ರ ಸುಮಾರಿನ ತನ್ನ ‘ಧರ್ಮಾಮೃತ’ದಲ್ಲಿ, ಕನ್ನಡದೊಳಗೆ ಸಲ್ಲದ ಸಂಸ್ಕೃತವನ್ನು ಇಡುವವರು ತುಪ್ಪವನ್ನೂ ಎಣ್ಣೆಯನ್ನೂ ಬೆರಸುವವರೆಂದು ಹಾಸ್ಯ ಮಾಡಿರುವನು. ಆ ಮಾತು ಭಾಷೆಯ ಔಚಿತ್ಯಕ್ಕೆ ಸಂಬಂಧಿಸಿದುದು. ಅಚ್ಚಗನ್ನಡದಲ್ಲಿಯೂ ಪೊಳ್ಳು ಮಾತನ್ನು ಬೇಕಾದಷ್ಟು ಆಡಬಹುದು. ಇನ್ನು ಕೆಲವರಿಗೆ ಮಾತಿನ ವೇಗವೇ ಸಂಶಯಾಸ್ಪದವಾಗಿ ತೋರುವುದು. ತಡವರಿಸುವವನು ಪ್ರಾಮಾಣಿಕನೆಂದೂ ಓಡುವ ನಾಲಗೆಯವನು ಕಪಟಿಯೆಂದೂ ಇವರು ತಿಳಿಯುವರು. ತಡವರಿಕೆಯನ್ನೂ ಅಭ್ಯಾಸ ಮಾಡಿಕೊಳ್ಳಬಹುದೆಂಬುದನ್ನು ಇವರು ಮರೆಯುವರು.

ವೇಗವು ದೋಷವಲ್ಲವೆಂಬುದಕ್ಕೆ ನಮ್ಮ ಸಾಹಿತ್ಯದಲ್ಲಿ ಒಬ್ಬನೇ ಸಾಕ್ಷಿ ಸಾಕು. ಹದಿನೈದನೆಯ ಶತಮಾನದಲ್ಲಿ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ರಚಿಸಿದ ಕುಮಾರವ್ಯಾಸನಷ್ಟು ನಿರರ್ಗಳವಾದ ಕವಿ ಕನ್ನಡದಲ್ಲಿ ಮತ್ತೊಬ್ಬನಿಲ್ಲವೆನ್ನಬಹುದು. ಹತ್ತು ಪರ್ವಗಳ ಕಥೆಯನ್ನು ಆತನು ಭಾಮಿನೀ ಷಟ್ಪದಿಯೊಂದರಲ್ಲಿಯೇ ಎಲ್ಲಿಯೂ ಬಳಲದೆ ಹೇಳಿಕೊಂಡು ಹೋಗಿರುವನು. ಕಾವ್ಯದ ಆರಂಭದಲ್ಲಿ ತಾನು ಹಲಗೆ ಬಳಪಗಳನ್ನು ಹಿಡಿದವನಲ್ಲವೆಂದೂ, ಇಟ್ಟ ಪದವನ್ನು ಅಳಿಸಿದವನಲ್ಲವೆಂದೂ, ಓಲೆಯ ಮೇಲೆ ಕಂಠದ ಸದ್ದು ನಿಲ್ಲದಂತೆ ಬರೆದವನೆಂದೂ ಹೆಮ್ಮೆಯಿಂದಲೇ ಹೇಳಿಕೊಂಡಿರುವನು. ಇಂಥವನು ವಿರಾಟಪರ್ವದಲ್ಲಿ ಮತ್ತೊಬ್ಬ ನಿರರ್ಗಳ ಮಾತುಗಾರನನ್ನು ಸೃಷ್ಟಿಸಿ, ಆತನ ಮಾತು ಪೊಳ್ಳೆಂಬುದನ್ನು ನಮಗೆ ತೋರಿಸಿಕೊಟ್ಟಿರುವುದು ಕುತೂಹಲಕರವಾದ ವಿಷಯ. ಇಬ್ಬರ ನಾಲಗೆಯೂ ತಡೆಯಿಲ್ಲದೆ ಓಡುವುದು. ಇಬ್ಬರ ಮಾತಿನಲ್ಲಿಯೂ ಅತಿಶಯೋಕ್ತಿಯುಂಟು. ಹೀಗಿರುವಲ್ಲಿ ಒಂದು ಕಾವ್ಯವಾಗಿ, ಮತ್ತೊಂದು ಬಡಾಯಿಯಾಗಿ ನಮಗೆ ಕೇಳಿಸುವುದೇಕೆ? ಈ ಪ್ರಶ್ನೆಯನ್ನು ಬಿಡಿಸಿದರೆ ವಾಗಾಡಂಬರದ ಲಕ್ಷಣವೂ ತಾನಾಗಿ ದೊರೆಯುವುದೆಂದು ನನ್ನ ನಂಬುಗೆ.

ಪ್ರಸಂಗವು ಎಲ್ಲರಿಗೂ ತಿಳಿದುದೇ. ವಿರಾಟರಾಯನು ಸುಶರ್ಮನ ಮೇಲೆ ದಂಡೆತ್ತಿ ಹೋಗಿರುವನು. ಇತ್ತ ಕೌರವಸೇನೆಯು ಉತ್ತರದಿಕ್ಕಿನಲ್ಲಿ ಗೋವುಗಳನ್ನು ಸೆರೆಹಿಡಿದಿರುವುದು. ಗೋವಳನು ಓಡಿಬಂದು ಮೊರೆಯಿಟ್ಟಾಗ ಅರಮನೆಯಲ್ಲಿರುವ ಗಂಡಸು ರಾಜಕುಮಾರ ಉತ್ತರನೊಬ್ಬನೇ. ಆತನು ಕುಳಿತಿರುವುದು ಅಂತಃಪುರದ ಸ್ತ್ರೀಯರ ನಡುವೆ. ಸುದ್ದಿಯನ್ನು ಕೇಳಿದೊಡನೆ ಆತನ ವಾಗ್ಝರಿ ಹರಿಯತೊಡಗುವುದು. ಕೌರವನು ಯಮನ ಮೀಸೆಗೆ ಕೈಹಾಕಿದನೋ, ಭೈರವನ ಕೋರೆಹಲ್ಲನ್ನು ಅಲುಗಾಡಿಸಿದನೋ, ಮೃತ್ಯುದೇವತೆಯ ಸೆರಗನ್ನು ಎಳೆದನೋ, ಸಿಂಹವನ್ನು ಕೆಣಕಿದನೋ ಎಂದು ಆತನು ಕೇಳುತ್ತಾನೆ. ಈ ಮಾತುಗಳನ್ನಾಡುವಾಗ ಉತ್ತರನು ನೋಡುತ್ತಿದ್ದುದು ಯುವತಿಯರ ಮುಖಗಳನ್ನು ಎಂಬುದನ್ನು ಕವಿಯು ಮರೆಯದೆ ಹೇಳಿರುವನು. ಮುಂದೆ, ತಾನು ಕಾದುವುದಾದರೂ ಯಾರೊಡನೆ ಎಂಬ ಪ್ರಶ್ನೆ. ಎದುರಾಳಿಗಳಲ್ಲಿ ಕೆಲವರು ಬ್ರಾಹ್ಮಣರು, ಕೆಲವರು ಯಮನ ಊರಿಗೆ ನೆರೆಯವರಾದ ಮುದುಕರು, ಕೆಲವರು ಕುಲಹೀನರು. ದ್ರೋಣ ಕೃಪರೂ ಭೀಷ್ಮನೂ ಕರ್ಣನೂ ಹೀಗೆ ಒಂದೊಂದು ಮಾತಿನಲ್ಲಿ ತೀರಿಹೋದರು. ಇಲ್ಲಿಯೂ ಪದ್ಯದ ಕೊನೆಗೆ, ಇದೆಲ್ಲವೂ ಹೆಂಗಸರ ಎದುರಿನಲ್ಲಿ ಆಡಿದ ಮಾತೆಂದು ಕವಿ ಮತ್ತೊಮ್ಮೆ ಜ್ಞಾಪಿಸುವನು.

ಈ ಪುನರುಕ್ತಿಯು ಪಾದಪೂರಣಕ್ಕಾಗಿ ಬಂದುದಲ್ಲ. ವ್ಯಾಸಭಾರತದಲ್ಲಿಯೂ ಉತ್ತರನು ಸ್ತ್ರೀಯರ ನಡುವೆ ಮತ್ತೆ ಮತ್ತೆ ಹೀಗೆ ಹೇಳುತ್ತಿದ್ದನೆಂದೇ ಇದೆ. ಮಾತು ಯಾವ ಕಡೆಗೆ ಮುಖಮಾಡಿತ್ತೆಂಬುದೇ ಇಬ್ಬರು ಕವಿಗಳಿಗೂ ಮುಖ್ಯವಾಗಿ ಕಂಡಿರುವುದು. ಗೋವಳನು ತಂದ ಸುದ್ದಿಯಲ್ಲಿ ವಿಚಾರಿಸತಕ್ಕ ಸಂಗತಿಗಳು ಬೇಕಾದಷ್ಟಿದ್ದವು. ಸೇನೆಯೆಷ್ಟು, ಎಲ್ಲಿರುವುದು, ಗೋವುಗಳನ್ನು ಯಾವ ಕಡೆಗೆ ಅಟ್ಟಿದರು, ಊರಿನಲ್ಲಿ ಉಳಿದಿರುವ ಬಲವೆಷ್ಟು? ಉತ್ತರನ ಮಾತಿನಲ್ಲಿ ಇವುಗಳಿಗೆ ಸ್ಥಳವಿಲ್ಲ. ಯಮ, ಭೈರವ, ಮೃತ್ಯು, ಸಿಂಹ ಎಂಬ ನಾಲ್ಕು ಚಿತ್ರಗಳಲ್ಲಿ ಒಂದನ್ನು ತೆಗೆದು ಬೇರೊಂದನ್ನಿಟ್ಟರೂ ನಷ್ಟವಿಲ್ಲ. ಕ್ರಮವನ್ನು ತಿರುಗಿಸಿದರೂ ಭೇದವಿಲ್ಲ. ಕೌರವನ ಸ್ಥಾನದಲ್ಲಿ ಮತ್ತೊಬ್ಬ ಶತ್ರುವಿನ ಹೆಸರನ್ನು ಹಾಕಿದರೂ ಮಾತು ಹಾಗೆಯೇ ನಿಲ್ಲುವುದು. ಇದು ಈ ಸಮಯಕ್ಕಾಗಿ ಹುಟ್ಟಿದ ಮಾತಲ್ಲ. ಮೊದಲೇ ಸಿದ್ಧವಾಗಿದ್ದು ಸಮಯ ಕಾಯುತ್ತಿದ್ದ ಮಾತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ವೀರರ ಪ್ರತಿಜ್ಞೆಗಳೆಲ್ಲವೂ ಅತಿಶಯೋಕ್ತಿಗಳೇ ಅಲ್ಲವೆ? ಸಭಾಪರ್ವದಲ್ಲಿ ಭೀಮನಾಡಿದ ಮಾತು ಉತ್ತರನ ಮಾತಿಗಿಂತ ಕಡಿಮೆ ಆರ್ಭಟದ್ದೇ? ಭೀಮನು ಮುಂದೆ ನಡೆದು ತೋರಿಸಿದನು, ಉತ್ತರನು ತೋರಿಸಲಿಲ್ಲವೆಂಬ ಸಮಾಧಾನವು ಸಾಲದು. ಫಲವನ್ನು ನೋಡಿ ಮಾತಿನ ಬೆಲೆಯನ್ನು ಕಟ್ಟುವುದಾದರೆ ವಿಮರ್ಶೆಗೆ ಕೆಲಸವೇ ಇಲ್ಲ. ಭೇದವು ಮಾತಿನೊಳಗೇ ಇದೆ. ಭೀಮನ ಪ್ರತಿಜ್ಞೆಯು ದುಃಶಾಸನನೊಬ್ಬನ ರಕ್ತಕ್ಕೆ, ದುರ್ಯೋಧನನೊಬ್ಬನ ತೊಡೆಗೆ, ದ್ರೌಪದಿಯೊಬ್ಬಳ ಬಿಚ್ಚಿದ ಮುಡಿಗೆ ಕಟ್ಟಿಕೊಂಡಿರುವುದು. ಆ ಸಭೆಯಲ್ಲಿ ಕಣ್ಣೆದುರು ನಡೆದ ಕೃತ್ಯವೇ ಆ ಮಾತನ್ನು ಎಳೆದು ತಂದುದು. ಅದನ್ನು ಅಲ್ಲಿಂದ ಕಿತ್ತು ಬೇರೊಬ್ಬ ಶತ್ರುವಿನ ಮೇಲೆ ಇಡಲು ಬರುವುದಿಲ್ಲ. ಆದಕಾರಣ ಮಾತು ಎಷ್ಟು ದೊಡ್ಡದೆಂಬುದನ್ನು ಕೇಳಿ ಪ್ರಯೋಜನವಿಲ್ಲ. ಅದು ಯಾವುದಕ್ಕೆ ಕಟ್ಟುಬಿದ್ದಿರುವುದೆಂಬುದನ್ನು ಕೇಳಬೇಕು.

ಉತ್ತರನ ಕಥೆಗೆ ಹಿಂದಿರುಗೋಣ. ತಕ್ಕ ಸಾರಥಿಯಿಲ್ಲವೆಂಬುದೊಂದೇ ಆತನ ಕೊರತೆ. ಸಾರಥಿಯೊಬ್ಬನಿದ್ದರೆ ತನ್ನ ಪರಾಕ್ರಮವನ್ನು ಕಂಡು ಕೌರವರು ‘ಇವನೇನು ಸಾಕ್ಷಾತ್ ಅರ್ಜುನನೋ’ ಎಂದು ಬೆರಗಾಗುವರೆಂದು ವ್ಯಾಸಭಾರತದಲ್ಲಿ ಆತನು ಹೇಳುತ್ತಾನೆ. ಅರ್ಜುನನು ಬೃಹನ್ನಳೆಯ ವೇಷದಿಂದ ಅದೇ ಅರಮನೆಯಲ್ಲಿರುವನೆಂಬುದು ಓದುಗರಿಗೆ ಗೊತ್ತು. ಅಲ್ಲಿ ಕುಳಿತಿರುವ ಸೈರಂಧ್ರಿಗೂ ಗೊತ್ತು. ಆ ಹೆಸರನ್ನು ಹಾಗೆ ಬಳಸುವುದನ್ನು ಸಹಿಸಲಾರದೆಯೇ ಆಕೆ ಬೃಹನ್ನಳೆಯನ್ನು ಸಾರಥಿಯಾಗಿ ಸೂಚಿಸುವಳು. ಪೊಳ್ಳು ಮಾತು ನಿಜವಾದ ಹೆಸರೊಂದನ್ನು ಅರಿಯದೆ ಮುಟ್ಟಿತು. ಮುಟ್ಟಿದೊಡನೆ ಅದಕ್ಕೆ ಋಣ ತೀರಿಸುವ ಕಾಲವೂ ಬಂದಿತು.

ಮುಂದಿನ ದೃಶ್ಯವು ಚಿಕ್ಕದಾದರೂ ಅರ್ಥವತ್ತಾದುದು. ಬೃಹನ್ನಳೆಯು ಕವಚವನ್ನು ತೊಡಲು ಬಾರದವಳಂತೆ ತಲೆಕೆಳಗಾಗಿ ತೊಡುವಳು, ಹುಡುಗಿಯರು ನಗುವರು, ಉತ್ತರನೇ ಮುಂದೆ ಬಂದು ಸರಿಪಡಿಸುವನು. ಬಲ್ಲವನು ತಡವರಿಸುತ್ತಿದ್ದಾನೆ, ಅರಿಯದವನು ಕಲಿಸುತ್ತಿದ್ದಾನೆ. ಹೊರಡುವಾಗ ರಾಜಪುತ್ರಿಯೂ ಗೆಳತಿಯರೂ ತಮ್ಮ ಬೊಂಬೆಗಳಿಗೆ ಬೇಕೆಂದು ಭೀಷ್ಮ ದ್ರೋಣಾದಿಗಳ ಬಣ್ಣದ ವಸ್ತ್ರಗಳನ್ನು ತಂದುಕೊಡಬೇಕೆಂದು ಬೃಹನ್ನಳೆಯನ್ನು ಬೇಡುವರು. ಉತ್ತರನು ಗೆದ್ದರೆ ತರುವೆನೆಂದು ಅರ್ಜುನನು ನಗುತ್ತ ಒಪ್ಪುವನು. ಯುದ್ಧದ ಕೊನೆಯಲ್ಲಿ ಸೇನೆಯೆಲ್ಲ ಮೂರ್ಛೆಗೊಂಡು ಮಲಗಿರುವಾಗ ಈ ಮಾತನ್ನು ನೆನಪಿನಲ್ಲಿಟ್ಟು, ಉತ್ತರನನ್ನು ಕಳುಹಿಸಿ, ದ್ರೋಣ ಕೃಪರ ಬಿಳಿಯ ವಸ್ತ್ರಗಳನ್ನೂ ಕರ್ಣನ ಹಳದಿಯ ವಸ್ತ್ರವನ್ನೂ ಅಶ್ವತ್ಥಾಮ ದುರ್ಯೋಧನರ ನೀಲಿಯ ವಸ್ತ್ರಗಳನ್ನೂ ತರಿಸುವನು. ಮಕ್ಕಳ ಬೊಂಬೆಗಾಗಿ ಆಡಿದ ಆಟದ ಮಾತೂ ಅರ್ಜುನನಿಗೆ ಮಾತೇ. ರಾಜ್ಯರಕ್ಷಣೆಗಾಗಿ ಆಡಿದ ಗಂಭೀರವಾದ ಮಾತೂ ಆಗಿನ ಉತ್ತರನಿಗೆ ಬರಿಯ ಆಟ.

ರಥವು ಊರನ್ನು ದಾಟಿ ಕೌರವಸೇನೆಯು ಕಣ್ಣಿಗೆ ಬಿದ್ದ ಸ್ಥಳದಲ್ಲಿ ಕುಮಾರವ್ಯಾಸನ ಪ್ರತಿಭೆಯು ಅದ್ಭುತವಾದ ಕೆಲಸವನ್ನು ಮಾಡಿರುವುದು. ಸಾಮಾನ್ಯ ಕವಿಯಾಗಿದ್ದರೆ ಇಲ್ಲಿ ಉತ್ತರನ ಬಾಯಿ ಕಟ್ಟಿಹೋಯಿತೆಂದು ಹೇಳಿ ಮುಗಿಸುತ್ತಿದ್ದನು. ಕುಮಾರವ್ಯಾಸನ ಉತ್ತರನಾದರೋ ಭಯದಲ್ಲಿಯೂ ನಿರರ್ಗಳವಾಗಿಯೇ ಮಾತನಾಡುವನು. ಆದರೆ ಮಾತಿನ ಜಾತಿಯೇ ಬೇರೆಯಾಗಿದೆ. ಈ ಸೇನಾಸಮುದ್ರದ ಆಚೆಯ ದಡವನ್ನು ತನ್ನ ಕಣ್ಣು ಮುಟ್ಟಲಾರದು, ಮನಸ್ಸು ಇದನ್ನು ಈಸಲಾರದು, ಭೂಮಿಯೇ ಈ ಸೇನೆಯನ್ನು ಹೆತ್ತಿತೋ ಎಂದು ಆತನು ಬೆರಗಾಗುವನು. ಇದರೊಡನೆ ಕಾದುವವನು ಶಿವನೇ ಸರಿಯೆನ್ನುವನು. ಕಾದಿ ಗೆದ್ದಂತೆಯೇ ಆಯಿತೆಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಂಡು ಆ ಸೇನೆಗೆ ನಮಸ್ಕಾರ ಹಾಕುವನು. ಓದುವಾಗ ನಗುವೆವು. ನಗು ನಿಂತಮೇಲೆ ಒಂದು ಸಂಗತಿ ಮನಸ್ಸಿಗೆ ಹೊಳೆಯುವುದು. ಅಂತಃಪುರದ ಭಾಷಣದಲ್ಲಿ ಉತ್ತರನು ಕಣ್ಣಾರೆ ಕಂಡುದು ಒಂದೂ ಇರಲಿಲ್ಲ. ಇಲ್ಲಿ ಮೊಟ್ಟಮೊದಲು ಆತನ ಮಾತಿನೊಳಗೆ ಕಣ್ಣು ಬಂದಿದೆ. ಸಮುದ್ರವೆಂಬ ಉಪಮಾನ ಹಳೆಯದಾದರೂ ದಡ ಕಾಣದ ಕಣ್ಣೂ ಈಸಲಾರದ ಮನಸ್ಸೂ ಆ ಕ್ಷಣದ ಉತ್ತರನವೇ. ಇವನ್ನು ಮೊದಲೇ ಸಿದ್ಧಮಾಡಿಕೊಂಡು ಬರಲು ಸಾಧ್ಯವಿರಲಿಲ್ಲ. ಹೇಡಿಯ ಈ ಮಾತು ವೀರನ ಆ ಮಾತಿಗಿಂತ ಶ್ರೇಷ್ಠವಾದ ಕಾವ್ಯವಾಗಿರುವುದೆಂದರೆ ಉತ್ಪ್ರೇಕ್ಷೆಯಾಗದು.

ಅರ್ಜುನನು ‘ಸ್ತ್ರೀಯರ ಮುಂದೆ ಅಷ್ಟು ಪೌರುಷವನ್ನು ಕೊಚ್ಚಿಕೊಂಡು ಬಂದು ಈಗ ಏಕೆ ಕಾದುವುದಿಲ್ಲ, ಅವರು ನಗುವುದಿಲ್ಲವೆ’ ಎಂದು ಚುಚ್ಚಿದಾಗ ವ್ಯಾಸಭಾರತದ ಉತ್ತರನು ಕೊಡುವ ಪ್ರತ್ಯುತ್ತರವು ಇದಕ್ಕೆ ಪೋಷಕವಾಗಿರುವುದು. ಕೌರವರು ಗೋವುಗಳನ್ನು ಕೊಂಡುಹೋಗಲಿ, ಹೆಂಗಸರೂ ಗಂಡಸರೂ ತನ್ನನ್ನು ಕಂಡು ನಗಲಿ ಎಂದು ಆತನು ಹೇಳಿ ರಥದಿಂದ ಹಾರಿ ಓಡುವನು. ಹಿಡಿದು ನಿಲ್ಲಿಸಿದರೆ ಬಿಟ್ಟುಬಿಡೆಂದು ನೂರು ನಿಷ್ಕಗಳನ್ನೂ ಎಂಟು ವೈಡೂರ್ಯಗಳನ್ನೂ ಹತ್ತು ಆನೆಗಳನ್ನೂ ಒಡ್ಡುವನು. ನಡತೆಯು ಹೀನವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಯಾರ ಮುಖವನ್ನು ನೋಡುತ್ತ ಮಾತನಾಡಿದ್ದನೋ ಅವರ ನಗೆಯನ್ನು ಆತನು ಈಗ ಲೆಕ್ಕಿಸುತ್ತಿಲ್ಲ. ಕೇಳುವವರ ಮೆಚ್ಚಿಕೆಯ ಹಂಗು ಕಳಚಿತು, ಎದುರಿಗಿರುವುದು ಕಂಡಿತು, ಬಾಯಿಂದ ನಿಜ ಹೊರಟಿತು.

ನಮ್ಮ ಜನರು ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಟ್ಟಿರುವರು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯು ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ಯಕ್ಷಗಾನದ ಆಟದಲ್ಲಿಯೂ ತಾಳಮದ್ದಳೆಯಲ್ಲಿಯೂ ಉತ್ತರನು ಅನೇಕ ವೇಳೆ ನಗಿಸುವ ಪಾತ್ರವಾಗಿಯೇ ಮುಗಿದುಹೋಗುವನು. ಆದರೆ ಕಥೆಯಲ್ಲಿ ಆತನಿಗೆ ಇನ್ನೂ ಮುಖ್ಯವಾದ ಕೆಲಸಗಳು ಉಳಿದಿರುವುವು. ಅರ್ಜುನನು ಆತನನ್ನು ಶಮೀವೃಕ್ಷದ ಬಳಿಗೆ ಕರೆದೊಯ್ದು, ಮರದ ಮೇಲಿನ ಆಯುಧಗಳನ್ನು ಇಳಿಸಿಸಿ, ತಾನು ಅರ್ಜುನನೆಂದು ತಿಳಿಸುವನು. ಉತ್ತರನು ಕೂಡಲೇ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳುಂಟೆಂದು ತಾನು ಕೇಳಿರುವುದಾಗಿಯೂ, ಅವನ್ನು ಹೇಳಿದರೆ ನಂಬುವುದಾಗಿಯೂ ಹೇಳುವನು. ಹೆಸರುಗಳನ್ನು ಹೇಳಿದಮೇಲೆ, ಒಂದೊಂದು ಹೆಸರೂ ಏಕೆ ಬಂದಿತೆಂದು ಕೇಳುವನು.

ಈ ಪ್ರಶ್ನೆಯೇ ಉತ್ತರನ ಜೀವನದ ತಿರುವೆಂದು ನನ್ನ ಅಭಿಪ್ರಾಯ. ಬೆಳಗ್ಗೆ ಅಂತಃಪುರದಲ್ಲಿ ‘ಅರ್ಜುನ’ನೆಂಬ ಹೆಸರನ್ನು ತನ್ನ ಮಾತಿಗೆ ಒಡವೆಯಂತೆ ತೊಡಿಸಿದವನು, ಈಗ ಅದೇ ಹೆಸರಿನ ಹಿಂದೆ ಏನಿರುವುದೆಂದು ವಿಚಾರಿಸುತ್ತಿದ್ದಾನೆ. ಉತ್ತರವೂ ತಕ್ಕಂತೆಯೇ ಬರುವುದು. ದೇಶಗಳನ್ನು ಗೆದ್ದು ಧನವನ್ನು ತಂದುದರಿಂದ ಧನಂಜಯ. ಗೆಲ್ಲದೆ ಹಿಂದಿರುಗದ ಕಾರಣ ವಿಜಯ. ರಥಕ್ಕೆ ಬಿಳಿಯ ಕುದುರೆಗಳನ್ನು ಹೂಡುವುದರಿಂದ ಶ್ವೇತವಾಹನ. ಎರಡು ಕೈಗಳಿಂದಲೂ ಗಾಂಡೀವವನ್ನು ಸೆಳೆಯಬಲ್ಲುದರಿಂದ ಸವ್ಯಸಾಚಿ. ಯುದ್ಧದಲ್ಲಿ ಜುಗುಪ್ಸೆಯ ಕೃತ್ಯವನ್ನು ಮಾಡದುದರಿಂದ ಬೀಭತ್ಸು. ಒಂದು ಕೃತ್ಯವೋ, ಒಂದು ಗುಣವೋ, ಒಂದು ಕಂಡ ವಸ್ತುವೋ ಇಲ್ಲದೆ ಒಂದು ಹೆಸರೂ ಇಲ್ಲ. ಗುಡುಗು ಸಿಡಿಲುಗಳ ರಾತ್ರಿ ನಮ್ಮ ಹಿರಿಯರು ಮಕ್ಕಳಿಂದ ಹೇಳಿಸುತ್ತಿದ್ದ ಈ ಹೆಸರುಗಳ ಸಾಲು ಸ್ತೋತ್ರ ಮಾತ್ರವಲ್ಲ. ಮಾತು ಹೇಗೆ ಹುಟ್ಟಬೇಕೆಂಬುದರ ಪಾಠವೂ ಆಗಿದೆ.

ಪಾಠವು ಫಲಿಸಿತೆಂಬುದಕ್ಕೆ ಪರ್ವದ ಕೊನೆಯ ಭಾಗವೇ ಸಾಕ್ಷಿ. ಯುದ್ಧವನ್ನು ಗೆದ್ದು ಹಿಂದಿರುಗುವಾಗ, ಪಾಂಡವರ ಗುಟ್ಟು ಹೊರಬೀಳದಂತೆ, ಗೆದ್ದವನು ನೀನೇ ಎಂದು ತಂದೆಗೆ ಹೇಳೆಂದು ಅರ್ಜುನನು ಉತ್ತರನಿಗೆ ತಿಳಿಸುವನು. ಬಡಾಯಿಗಾರನಿಗೆ ಇದಕ್ಕಿಂತ ದೊಡ್ಡ ಅವಕಾಶವು ದೊರೆಯಲಾರದು. ಊರು ನಂಬಲು ಸಿದ್ಧವಾಗಿರುವುದು. ತಂದೆಯು ಬೀದಿಗಳನ್ನು ಅಲಂಕರಿಸಿರುವನು. ಗೆದ್ದವನೇ ಅನುಮತಿ ಕೊಟ್ಟಿರುವನು. ಉತ್ತರನು ತಂದೆಯ ಮುಂದೆ ನಿಂತು, ಗೋವುಗಳನ್ನು ಗೆದ್ದವನು ತಾನಲ್ಲ, ಅದೆಲ್ಲವೂ ಒಬ್ಬ ದೇವಪುತ್ರನ ಕೆಲಸವೆಂದು ಹೇಳಿಬಿಡುವನು. ಗುಟ್ಟನ್ನೂ ಕಾಪಾಡಿದನು, ತನ್ನದಲ್ಲದ ಕೀರ್ತಿಯನ್ನೂ ಬಿಟ್ಟನು. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಆನೆಯನ್ನೇರಿ ಶಲ್ಯನನ್ನು ಎದುರಿಸಿ, ಆತನ ರಥದ ಕುದುರೆಗಳನ್ನು ಕೆಡವಿ, ಆತನ ಶಕ್ತ್ಯಾಯುಧಕ್ಕೆ ಬಲಿಯಾದವನೂ ಈ ಉತ್ತರನೇ. ಇಷ್ಟೆಲ್ಲವನ್ನೂ ಬದಿಗಿರಿಸಿ, ಒಲೆಯ ಮುಂದಿನ ಪೌರುಷವೊಂದನ್ನೇ ನಾಲಗೆಯ ತುದಿಯಲ್ಲಿಟ್ಟುಕೊಂಡ ನಮ್ಮ ಗಾದೆಯು ಒಂದು ವಿಧದಲ್ಲಿ ಉತ್ತರನ ಹಳೆಯ ಮಾತಿನಂಥದೇ. ಅದೂ ಸಿದ್ಧವಾಗಿರುವ ಮಾತು. ಅದನ್ನು ಆಡುವವನಿಗೂ ವಸ್ತುವನ್ನು ಮತ್ತೆ ನೋಡುವ ಅವಶ್ಯಕತೆಯಿಲ್ಲ.

ಅದೇ ಸಮಯದಲ್ಲಿ ವಿರಾಟನ ಸಭೆಯಲ್ಲಿ ನಡೆದುದನ್ನೂ ಮರೆಯಲಾಗದು. ಮಗನು ಕೌರವರನ್ನು ಗೆದ್ದನೆಂದು ಹಿಗ್ಗಿದ ದೊರೆಯು ಕಂಕನೊಡನೆ ಪಗಡೆಯಾಡುತ್ತ ಮಗನನ್ನು ಹೊಗಳುವನು. ಬೃಹನ್ನಳೆ ಸಾರಥಿಯಾಗಿರಲು ಗೆಲ್ಲದಿರುವುದೆಂತು ಎಂದು ಕಂಕನು ಇದ್ದುದನ್ನು ಹೇಳುವನು. ದೊರೆಯು ಸಿಟ್ಟಿಗೆದ್ದು ದಾಳವನ್ನು ಆತನ ಮುಖಕ್ಕೆ ಎಸೆಯುವನು. ಮೂಗಿನಿಂದ ರಕ್ತ ಸುರಿಯುವುದು. ಸೈರಂಧ್ರಿಯು ಅದು ನೆಲಕ್ಕೆ ಬೀಳದಂತೆ ಪಾತ್ರೆಯಲ್ಲಿ ಹಿಡಿಯುವಳು. ಮಗನು ಬಿಟ್ಟ ಮಾತನ್ನು ತಂದೆಯು ಎತ್ತಿಕೊಂಡಿರುವನು. ಪೊಳ್ಳು ಮಾತು ಹಾಸ್ಯಕ್ಕೆ ಮಾತ್ರ ಯೋಗ್ಯವಾದ ನಿರಪಾಯವಾದ ದೋಷವೆಂದು ತಿಳಿಯುವವರು ಈ ಪಾತ್ರೆಯನ್ನು ನೆನೆಯಬೇಕು. ಹೊಗಳಿಕೆಯು ಸಭೆಯ ರೂಢಿಯಾದಮೇಲೆ, ಇದ್ದುದನ್ನು ಇದ್ದಂತೆ ಹೇಳಿದವನೇ ಪೆಟ್ಟು ತಿನ್ನಬೇಕಾಗುವುದು.

ಇನ್ನು ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಕೇಳುವವರ ಮುಖವನ್ನು ನೋಡುತ್ತ ವಸ್ತುವಿಗೆ ಬೆನ್ನುಹಾಕಿ ಹರಿಯುವ ಮಾತೇ ವಾಗಾಡಂಬರ. ಅದರ ವೇಗವಾಗಲಿ ಅಲಂಕಾರವಾಗಲಿ ಪದಗಳ ಮೂಲವಾಗಲಿ ಮುಖ್ಯವಲ್ಲ. ಕುಮಾರವ್ಯಾಸನ ಮಾತೂ ಓಡುವುದು. ಆದರೆ ಹೆಜ್ಜೆಹೆಜ್ಜೆಗೂ ಕಂಡ ವಸ್ತುವಿನಿಂದ ಹೊಸ ವೇಗವನ್ನು ಪಡೆದು ಓಡುವುದು. ಅಂತಃಪುರದಲ್ಲಿ ಒಂದು ಬಗೆಯಾಗಿ, ರಣರಂಗದಲ್ಲಿ ಮತ್ತೊಂದು ಬಗೆಯಾಗಿ ಅದು ತಿರುಗುವುದು. ತನ್ನ ಲೇಖನಿಯ ವೇಗವನ್ನು ಹೊಗಳಿಕೊಂಡ ಆ ಕವಿಯೇ, ಕವಿಯು ವೀರನಾರಾಯಣನು, ತಾನು ಬರೆದುಕೊಳ್ಳುವವನು ಮಾತ್ರವೆಂದೂ ಹೇಳಿರುವನಷ್ಟೆ. ಇದನ್ನು ಭಕ್ತಿಯ ಮಾತೆಂದು ತಿಳಿಯುವುದು ಸರಿಯೇ. ವಿಮರ್ಶಕನು ಇದರಲ್ಲಿ ಮತ್ತೊಂದನ್ನೂ ಕಾಣಬಹುದು: ಕಿವಿಗೊಟ್ಟು ಕೇಳಿ ಬರೆಯುವವನಿಗೆ ತನ್ನ ಕಂಠದ ಸದ್ದಿನ ಮೇಲಲ್ಲ, ಹೇಳಿಸುತ್ತಿರುವುದರ ಮೇಲೆ ಲಕ್ಷ್ಯವಿರುವುದು.

ಈ ಪರೀಕ್ಷೆಯನ್ನು ಪ್ರಾಚೀನ ಕಾವ್ಯಕ್ಕೆ ಮಾತ್ರ ಮೀಸಲಾಗಿಡಬೇಕಾಗಿಲ್ಲ. ನಮ್ಮ ಮುನ್ನುಡಿಗಳೂ ಅಧ್ಯಕ್ಷಭಾಷಣಗಳೂ ಅಭಿನಂದನಗ್ರಂಥಗಳೂ ನಮ್ಮಂಥ ಮಾಸಪತ್ರಿಕೆಗಳ ಗ್ರಂಥವಿಮರ್ಶೆಗಳೂ ಇದಕ್ಕೆ ಒಳಗಾಗಲಿ. ‘ಕನ್ನಡಕ್ಕೆ ಅಮೂಲ್ಯವಾದ ಕೊಡುಗೆ’, ‘ಓದಿಸಿಕೊಂಡು ಹೋಗುವ ಶೈಲಿ’, ‘ತುಂಬಲಾರದ ನಷ್ಟ’ ಎಂಬ ವಾಕ್ಯಗಳಲ್ಲಿ ಹೆಸರನ್ನು ಅಳಿಸಿ ಬೇರೆ ಹೆಸರನ್ನು ಬರೆದುನೋಡೋಣ. ವಾಕ್ಯವು ಅಲುಗದಿದ್ದರೆ ಅದು ಯಾರ ವಿಷಯವಾಗಿಯೂ ಆಡಿದ ಮಾತಲ್ಲ. ಇಂಥ ಮಾತಿನಿಂದ ನಷ್ಟವಾಗುವುದು ನಿಜವಾದ ಮನುಷ್ಯರಿಗೆ. ಹೊಸದಾಗಿ ಬರೆಯತೊಡಗಿದ ತರುಣನು ತನ್ನ ಪುಸ್ತಕದಲ್ಲಿ ಯಾವುದು ನಿಂತಿತು, ಯಾವುದು ಬಿದ್ದಿತೆಂದು ತಿಳಿಯದೆ ಎರಡನೆಯ ಪುಸ್ತಕಕ್ಕೆ ಕೈಹಾಕುವನು. ಜೀವಮಾನವೆಲ್ಲ ಶಾಸನಗಳನ್ನೋ ಜನಪದದ ಹಾಡುಗಳನ್ನೋ ಕೂಡಿಹಾಕಿದ ವೃದ್ಧ ವಿದ್ವಾಂಸನು, ತಾನು ಮಾಡಿದ ಕೆಲಸದ ಒಂದು ಮಾತೂ ಇಲ್ಲದ ಶ್ರದ್ಧಾಂಜಲಿಯನ್ನು ಪಡೆದು ಮರೆಯಾಗುವನು. ಕಟುವಾಗಿ ಬರೆಯಬೇಕೆಂದು ಇದರ ಅರ್ಥವಲ್ಲ. ಸಿದ್ಧವಾದ ಹೊಗಳಿಕೆಯಂತೆಯೇ ಸಿದ್ಧವಾದ ಬೈಗಳೂ ಉಂಟು. ಉತ್ತರನು ಭೀಷ್ಮ ದ್ರೋಣರನ್ನು ಒಂದೊಂದು ಮಾತಿನಲ್ಲಿ ತೀರಿಸಿದುದು ಆ ಜಾತಿಗೆ ಸೇರಿದುದೇ. ಹೊಗಳುವವನೂ ತೆಗಳುವವನೂ ಪುಸ್ತಕದ ಒಂದು ಪುಟವನ್ನಾದರೂ ಎದುರಿಗಿಟ್ಟುಕೊಂಡು ಮಾತನಾಡಬೇಕೆಂಬುದೇ ನನ್ನ ಬೇಡಿಕೆ.

ಜಿಲ್ಲೆಯ ಸಾಹಿತ್ಯಸಂಘಗಳು ಗಮಕವಾಚನಗಳನ್ನು ಏರ್ಪಡಿಸುವಾಗ ವಿರಾಟಪರ್ವವನ್ನು ಆರಿಸಿಕೊಳ್ಳುವುದು ಸಾಮಾನ್ಯ. ಇನ್ನು ಮುಂದೆ ಉತ್ತರನು ರಥದಿಂದ ಹಾರಿ ಓಡಿದ ನಗೆಯ ಸ್ಥಳದಲ್ಲಿ ವಾಚನವನ್ನು ಮುಗಿಸದೆ, ಶಮೀವೃಕ್ಷದ ಬುಡದಲ್ಲಿ ಆತನು ಕೇಳಿದ ಪ್ರಶ್ನೆಯವರೆಗೂ, ತಂದೆಯ ಮುಂದೆ ಆಡಿದ ಆ ಒಂದು ಮಾತಿನವರೆಗೂ ಓದಿಸುವುದು ಒಳ್ಳೆಯದು. ಅದಕ್ಕೆ ಅರ್ಧ ಗಂಟೆ ಹೆಚ್ಚಾಗಬಹುದು. ವ್ಯಾಖ್ಯಾನಕಾರರು ತಮ್ಮ ಪೀಠಿಕೆಯಿಂದ ಅಷ್ಟು ಕಾಲವನ್ನು ಬಿಟ್ಟುಕೊಟ್ಟರೆ ಸಾಕು.